ಹನ್ನೆರಡು ಸುರುಳಿ, ಹನ್ನೊಂದು ಪಿನ್ನು

ನವೆಂಬರ್ 4, ಮಂಗಳವಾರ

ಇವರು ಇವತ್ತು ನನಗೊಂದು ಉಡುಗೊರೆ ತಂದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಒಂದು ಸೀರೆಯನ್ನೂ ತಾವಾಗಿ ತಂದವರಲ್ಲ, ಇವತ್ತು ನಾಲ್ಕಿಂಚಿನ ಪ್ಲಂಬಿಂಗ್ ಪೈಪು ತಂದರು. ಪ್ಲಂಬರನ ಹೆಂಡತಿಗೆ ಇನ್ನೇನು ಸಿಗುತ್ತದೆ?

ಒಂದೂವರೆ ಅಡಿಯ ತುಂಡು. ಎರಡೂ ತುದಿಗೆ ಮುಚ್ಚಳ, ಉದ್ದಕ್ಕೂ ಬೆರಳು ಹೋಗುವಷ್ಟು ಸೀಳು. ಒಳಗೆ ನಡುವೆ ಒಂದು ಸಣ್ಣ ಪೈಪು ಇದೆ. ಲೇಸಿನ ಸುರುಳಿಗಳನ್ನು ಅದಕ್ಕೆ ಪೋಣಿಸಿ, ತುದಿಗಳನ್ನು ಸೀಳಿನಿಂದ ಹೊರಗೆ ಬಿಡಬೇಕಂತೆ. ಎಳೆದರೆ ಸುರುಳಿ ಒಳಗೇ ತಿರುಗುತ್ತದೆ, ಬೇಕಾದಷ್ಟು ಲೇಸು ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ.

"ದಿನಾ ಲೇಸು ಬಿಚ್ಕಂತು, ಸಿಕ್ಕಾತು ಅಂತ ಬೈತಿರ್ತೀಯಲ್ಲ, ತಗಾ. ಇನ್ಮೇಲೆ ಪಿನ್ನೂ ಬ್ಯಾಡ, ಗಂಟೂ ಬ್ಯಾಡ" ಎಂದರು.

"ಯಾರ್ದೋ ಬಾತ್‌ರೂಮಿಂದ ಕಿತ್ಕಂಡ್ ಬಂದಂಗೈತೆ ರೀ. ಗಿರಾಕಿ ನೋಡಿದ್ರೆ ಏನಂತಾರೆ?" ಎಂದೆ. ಅವರು ನಕ್ಕು, ಹೊನ್ನಾಳಿ ರಸ್ತೆಯಲ್ಲಿ ಯಾರದೋ ಟ್ಯಾಂಕ್ ಸೋರುತ್ತಿದೆ ಎಂದು ಹೊರಟುಹೋದರು.

ತಂದ ಮೇಲೆ ತುಂಬಿಸಿಯೇ ನೋಡೋಣ ಎಂದು ಕೂತೆ. ನನ್ನ ಹತ್ತಿರ ಇರುವುದು ಹನ್ನೆರಡು ಬಣ್ಣದ ಲೇಸು. ಪ್ರತಿ ಸುರುಳಿಯ ತುದಿಯನ್ನೂ ಒಂದೊಂದು ಪಿನ್ನು ಚುಚ್ಚಿ ಇಡುವುದು ಹೊಲಿಗೆ ಕಲಿತ ದಿನದಿಂದ ಬಂದ ಪದ್ಧತಿ. ಪಿನ್ನುಗಳೂ ಹನ್ನೆರಡೇ, ಕೆಂಪು ಗಾಜಿನ ತಲೆಯವು, ಹೊನ್ನಾಳಿಯ ಹೊಲಿಗೆ ಟೀಚರ್ ಕೊಟ್ಟವು. ಸುರುಳಿಯಿಂದ ತೆಗೆದ ಪಿನ್ನು ಸೀದಾ ಸೂಜಿದಿಂಬಿಗೆ ಹೋಗಬೇಕು, ಹೊಲಿಯುವ ಬಟ್ಟೆಗಲ್ಲ, ಬಾಯಿಗಲ್ಲ ಎಂದು ಟೀಚರ್ ಸ್ಕೇಲಿನಿಂದ ಬೆರಳಿಗೆ ಹೊಡೆದು ಕಲಿಸಿದ್ದರು.

ಒಂದೊಂದೇ ಪಿನ್ನು ಕಿತ್ತು ದಿಂಬಿಗೆ ಚುಚ್ಚಿ, ಸುರುಳಿಯನ್ನು ಪೈಪಿಗೆ ಹಾಕಿದೆ. ಹನ್ನೆರಡು ಸುರುಳಿ ಒಳಗೆ ಹೋದವು. ದಿಂಬಿನಲ್ಲಿ ಪಿನ್ನು ಹನ್ನೊಂದಿದ್ದವು.

ಮತ್ತೆ ಎಣಿಸಿದೆ. ಹನ್ನೊಂದೇ. ಬಿಳಿ ಲೇಸಿನ ಸುರುಳಿಗೆ ಪಿನ್ನು ಇರಲಿಲ್ಲ, ತುದಿಯನ್ನು ಸುಮ್ಮನೆ ಒಳಗೆ ಸಿಕ್ಕಿಸಿದ್ದೆ.

ಬಿಳಿ ಲೇಸನ್ನು ಭಾನುವಾರ, ಸೋಮವಾರ ಎರಡೂ ದಿನ ಒಂದೇ ಕೆಲಸಕ್ಕೆ ಬಳಸಿದ್ದೇನೆ. ಸವಳಂಗದ ಬೊಮ್ಮಕ್ಕನ ಮೊಮ್ಮಗನ ತೊಟ್ಟಿಲ ಸೆಟ್ಟಿಗೆ. ಪುಟ್ಟ ಹಾಸಿಗೆ, ದಿಂಬು, ಹೊದಿಕೆ, ಕುಲಾವಿ. ಹೊದಿಕೆಯ ಸುತ್ತ ನಿರಿಗೆ ಹಿಡಿದು ಎಂಟು ಮೀಟರ್ ಲೇಸು ಹೊಲಿದಿದ್ದೆ. ನಿರಿಗೆ ಜಾರುತ್ತಿತ್ತು. ಎರಡು ಕೈಯೂ ಸಾಲದೆ ಪಿನ್ನನ್ನು ಅಲ್ಲೇ ಬಟ್ಟೆಗೆ ಚುಚ್ಚಿಕೊಂಡಿದ್ದು ನೆನಪಿದೆ. ತೆಗೆದದ್ದು ನೆನಪಿಲ್ಲ.

ಇವತ್ತು ಬೆಳಿಗ್ಗೆ ಬೊಮ್ಮಕ್ಕ ಬಂದು ಸೆಟ್ಟು ತೆಗೆದುಕೊಂಡು ಹೋದರು. ಮಗುವಿಗೆ ಈಗ ಐದು ತಿಂಗಳು.

ನವೆಂಬರ್ 5, ಬುಧವಾರ

ಹಳೇ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಅಂಗಡಿಯ ನೆಲವನ್ನೆಲ್ಲ ಎಳೆದೆ. ಮಷಿನ್ ಕೆಳಗೆ, ಚಿಂದಿಯ ಚೀಲದಲ್ಲಿ, ಮೆಟ್ಟಿಲ ಸಂದಿಯಲ್ಲಿ. ಮುರಿದ ಸೂಜಿ ಏಳು ಸಿಕ್ಕವು, ಕೆಂಪು ತಲೆಯದ್ದು ಸಿಗಲಿಲ್ಲ.

ಬೊಮ್ಮಕ್ಕನ ನಂಬರ್ ಆರ್ಡರ್ ಬುಕ್ಕಿನಲ್ಲಿಯೇ ಇದೆ. ಮೂರು ಸಲ ಒತ್ತಿ, ರಿಂಗ್ ಆಗುವ ಮೊದಲೇ ಕತ್ತರಿಸಿದೆ. ಮೂರನೆಯದು ಹೇಗೋ ಹೋಗಿಬಿಟ್ಟಿತ್ತು. ಅವರೇ ವಾಪಸ್ ಮಾಡಿದರು.

"ಏನ್ ರೂಪಮ್ಮ, ಫೋನ್ ಮಾಡಿದ್ಯಾ?"

"ಇಲ್ಲ ಬೊಮ್ಮಕ್ಕ, ಕೈ ತಾಗಿ ಹೋಗೈತೆ."

"ಹೋಗ್ಲಿ, ಒಳ್ಳೇದೇ ಆತು. ನಾಳೆ ಮಗಳನ್ನೂ ಮಗೂನೂ ಗಂಡನ ಮನೆಗೆ ಕಳಿಸ್ತೀವಿ, ಜಗಳೂರಿಗೆ. ಊಟಕ್ ಬರ್ಬೇಕು ನೀನು. ಸೆಟ್ಟು ನೋಡಿ ಓಣಿ ಹೆಂಗಸ್ರೆಲ್ಲಾ ಬಾಯಿ ಬಾಯಿ ಬಿಡ್ತಾವ್ರೆ."

ಬರುತ್ತೇನೆ ಎಂದೆ. ಇನ್ನೇನು ಹೇಳಲಿ? ಪಿನ್ನು ಅದರಲ್ಲೇ ಇದೆ ಎಂದು ನನಗೇ ಖಾತ್ರಿಯಿಲ್ಲ. ಗಿರಾಕಿಯ ಸೀರೆಗೆ ಅಂಟಿಕೊಂಡು ಹೋಗಿರಬಹುದು, ಕಸದ ಜೊತೆ ಹೋಗಿರಬಹುದು. ಇಲ್ಲದ್ದನ್ನು ಇದೆ ಎಂದು ಹೇಳಿ ನನ್ನ ಹೆಸರನ್ನು ನಾನೇ ಮಣ್ಣುಪಾಲು ಮಾಡಿಕೊಳ್ಳಲೇ? ನಮ್ಮ ಬೀದಿಯಲ್ಲೇ ಒಬ್ಬ ಟೈಲರ್ ಇದ್ದ. ಒಂದು ಧಾರೆ ಸೀರೆಗೆ ಇಸ್ತ್ರಿ ತಾಗಿ ಸುಟ್ಟಿತು, ಅಷ್ಟೇ. ಮೂರು ತಿಂಗಳಲ್ಲಿ ಬಾಗಿಲು ಹಾಕಿದ. ಅದು ಬರೀ ಸೀರೆ. ಇದು ಮಗು.

ಇವರಿಗೂ ಹೇಳಲಿಲ್ಲ. "ಪೈಪು ಹೆಂಗೈತೆ?" ಎಂದು ಎರಡು ಸಲ ಕೇಳಿದರು. ಚೆನ್ನಾಗಿದೆ ಎಂದೆ.

ನವೆಂಬರ್ 6, ಗುರುವಾರ

ಹೋಗಬಾರದಿತ್ತು. ಇಲ್ಲ, ಹೋದವಳು ಬಾಯಿ ಬಿಡಬೇಕಿತ್ತು.

ಹೇಳಿಯೇ ಬರುತ್ತೇನೆ ಎಂದು ನಿಶ್ಚಯಿಸಿಕೊಂಡು ಬಸ್ಸು ಹತ್ತಿದ್ದೆ. ಸವಳಂಗದಲ್ಲಿ ಇಳಿಯುವ ಹೊತ್ತಿಗೆ ಅರ್ಧ ಧೈರ್ಯ ಇಳಿದುಹೋಯಿತು. ಬಾಣಂತಿಯನ್ನು ಗಂಡನ ಮನೆಗೆ ಕಳಿಸುವ ಶಾಸ್ತ್ರ. ಮನೆ ತುಂಬ ಜನ. ತವರಿನವರು ಕೊಡುವ ತೊಟ್ಟಿಲನ್ನು ನಡುಮನೆಯಲ್ಲಿ ಇಟ್ಟು, ನನ್ನ ಸೆಟ್ಟು ಹಾಸಿದ್ದರು. ಬೊಮ್ಮಕ್ಕನ ಮಗಳು ಚೈತ್ರಶ್ರೀ ಮಗುವನ್ನು ಎತ್ತಿಕೊಂಡು ಕೂತಿದ್ದಳು. ಇಪ್ಪತ್ತೆರಡಿರಬಹುದು. ಮಗುವಿಗೆ ತಾತ ಬೋರಣ್ಣನ ಹೆಸರು, ಈಗಿನ ಕಾಲಕ್ಕೆ ತಕ್ಕಂತೆ ಬೋರೇಶ ಎಂದು ಇಟ್ಟಿದ್ದಾರೆ.

"ಇವ್ರೇ ನಮ್ಮ ನ್ಯಾಮತಿ ಟೈಲರಮ್ಮ" ಎಂದು ಬೊಮ್ಮಕ್ಕ ಎಲ್ಲರಿಗೂ ತೋರಿಸಿದರು. ಲೇಸು ಸರಿಮಾಡುವ ನೆಪದಲ್ಲಿ ತೊಟ್ಟಿಲ ಹತ್ತಿರ ಹೋದೆ. ಹಾಸಿಗೆಯನ್ನು ಒತ್ತಿ ನೋಡಿದೆ, ದಿಂಬನ್ನು ಹಿಸುಕಿದೆ. ಹೊದಿಕೆಯ ಲೇಸನ್ನು ಬೆರಳ ನಡುವೆ ಹಿಡಿದು ಇಂಚಿಂಚೇ ಸವರಿಕೊಂಡು ಬಂದೆ. ಅರ್ಧ ಸುತ್ತು ಆಗಿತ್ತು. "ಸಾಕು ಬಿಡಮ್ಮ, ಎಷ್ಟ್ ನೋಡ್ತೀಯ ನಿನ್ ಕೆಲ್ಸಾನ ನೀನೇ" ಎಂದು ಬೊಮ್ಮಕ್ಕ ಹೊದಿಕೆಯನ್ನು ಕಸಿದುಕೊಂಡು ಮಡಚಿದರು. ದೃಷ್ಟಿಗೆಂದು ಕಬ್ಬಿಣದ ಬೀಗದಕೈಯೊಂದನ್ನು ದಿಂಬಿನ ಕೆಳಗೆ ಇಟ್ಟರು.

ಆಗ ನನಗೆ ನಾನು ಹೇಳಿಕೊಂಡ ಮಾತು ಇದು: ಹೇಗೂ ಮಗುವಿನ ಹತ್ತಿರ ಕಬ್ಬಿಣ ಇದ್ದರೆ ಒಳ್ಳೆಯದಂತಲ್ಲ. ಬರೆಯಲು ನಾಚಿಕೆಯಾಗುತ್ತದೆ.

ಹೋಳಿಗೆ ಬಡಿಸಿದರು, ತಿಂದೆ. ಹನ್ನೆರಡೂವರೆಗೆ ಗಾಡಿ ಹೊರಟಿತು. ಉಳಿದ ಅರ್ಧ ಸುತ್ತು ಗಾಡಿಯ ಜೊತೆ ಜಗಳೂರಿಗೆ ಹೋಯಿತು.

ನವೆಂಬರ್ 8, ಶನಿವಾರ

ಹೊನ್ನಾಳಿಯಲ್ಲಿ ನನ್ನ ಜೊತೆ ಹೊಲಿಗೆ ಕಲಿತ ವಿಜಯಶ್ರೀ ಬಂದಿದ್ದಳು. ಈ ಪೈಪಿನ ಡಬ್ಬಿಯನ್ನು ಕಂಡು ಕೂರಲೇ ಇಲ್ಲ. ಹಸಿರು ಎಳೆದಳು, ಗುಲಾಬಿ ಎಳೆದಳು, ಬಿಳಿಯನ್ನೂ ಎಳೆದಳು.

"ಯಾರೇ ಮಾಡಿದ್ದು? ನಿಮ್ಮೋರಾ? ನನಗೂ ಎರಡು ಮಾಡ್ಸಿ ಕೊಡೇ. ಆ ಪಿನ್ನಿನ ಸಾವಾಸನೇ ಬ್ಯಾಡ. ಯಾವ್ ಬಟ್ಟೇಲಿ ಹೋಗಿ ಕೂತ್ಕಂತಾವೋ, ಯಾರಿಗ್ ಚುಚ್ತಾವೋ!"

ಕೈಯಲ್ಲಿದ್ದ ಕತ್ತರಿ ಬಿತ್ತು, ಕಾಲಿಗೆ ಬೀಳದಿದ್ದದ್ದು ಪುಣ್ಯ. "ಯಾಕೇ, ಬಿಳುಚ್ಕಂಡಿದ್ದೀಯ" ಎಂದು ಕೇಳಿದಳು. ತಿಂಡಿ ತಿಂದಿಲ್ಲ ಎಂದೆ.

ಇವರಿಗಂತೂ ಖುಷಿಯೋ ಖುಷಿ. ಚನ್ನಗಿರಿಯಲ್ಲಿ ಶರಣು ಟೈಲರ್ ಎಂಬುವರಿಗೂ ಫೋಟೋ ಕಳಿಸಿದ್ದಾರಂತೆ, ಅವರೂ ಕೇಳುತ್ತಿದ್ದಾರಂತೆ. ಸಂಜೆ ಅಂಗಳದಲ್ಲಿ ಕೂತು ಪೈಪು ಕೊಯ್ಯುತ್ತಾ ಸೀಟಿ ಹೊಡೆಯುತ್ತಿದ್ದರು. ಆ ಡಬ್ಬಿ ಬರದೇ ಇದ್ದಿದ್ದರೆ ನಾನು ಪಿನ್ನು ಎಣಿಸುತ್ತಲೇ ಇರಲಿಲ್ಲ. ಸುಖವಾಗಿ ಇರುತ್ತಿದ್ದೆ. ಸಿಟ್ಟು ಬಂದು, "ಗರಗಸದ ಸದ್ದು ನಿಲ್ಸ್ರಿ, ತಲೆ ಸಿಡಿತೈತೆ" ಎಂದು ಕೂಗಿದೆ. ಪಾಪ, ನಿಲ್ಲಿಸಿದರು.

ನವೆಂಬರ್ 11, ಮಂಗಳವಾರ

ಮಧ್ಯಾಹ್ನ ಬೊಮ್ಮಕ್ಕ ಅಂಗಡಿಗೆ ಬಂದರು. ರಸ್ತೆಯ ತಿರುವಿನಲ್ಲಿ ಅವರ ಸೀರೆ ಕಂಡಾಗಲೇ ಸೂಜಿದಿಂಬನ್ನು ಮಷಿನ್ ಹಿಂದಕ್ಕೆ ಸರಿಸಿದೆ. ರವಿಕೆ ಹೊಲಿಯಲು ಕೊಟ್ಟು, ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು.

"ಮಗು ಬಾಳ ಅಳ್ತೈತಂತೆ ರೂಪಮ್ಮ. ಎರಡು ದಿನದಿಂದ ಹಾಲೂ ಸರಿಯಾಗಿ ಕುಡೀವಲ್ದಂತೆ. ಜೊಲ್ಲು ಸುರಿಸ್ತೈತಂತೆ."

"ಡಾಕ್ಟ್ರಿಗೆ ತೋರ್ಸಿದ್ರಾ?" ಎಂದೆ.

"ತೋರ್ಸಿದ್ರಂತೆ. ಗ್ಯಾಸು, ಹಲ್ಲು ಬರೋ ಹೊತ್ತು ಅಂತ ಡ್ರಾಪ್ಸ್ ಕೊಟ್ಟವ್ರೆ. ದೃಷ್ಟೀನೂ ತೆಗೆಸಿದ್ರಂತೆ. ಅದಲ್ಲಮ್ಮ ನನ್ ಸಂಕಟ. ಚೈತ್ರನ ಅತ್ತೆ ತಿಪ್ಪಮ್ಮ ಏನಂತಾಳೆ ಗೊತ್ತಾ? ನಿನ್ ಎದೆ ಹಾಲೇ ಸರಿಯಿಲ್ಲ, ಮಗೂನ ಎಲ್ಲೋ ಕೆಡವಿದೀಯ, ಹೇಳ್ತಾ ಇಲ್ಲ ಅಂತಾಳಂತೆ. ಚೈತ್ರ ಫೋನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು."

ನಾನು ಟೇಪು ಹಿಡಿದು ಬೊಮ್ಮಕ್ಕನ ತೋಳಿನ ಅಳತೆ ತೆಗೆಯುತ್ತಿದ್ದೆ. ಅಳತೆ ಬರೆದುಕೊಂಡೆ. ಎದೆ, ಸೊಂಟ, ತೋಳು, ಎಲ್ಲ ಬರೆದುಕೊಂಡೆ.

"ಹಲ್ಲು ಬರುವಾಗ ಹಂಗೇ ಬೊಮ್ಮಕ್ಕ" ಎಂದೆ.

ಆ ಮುದುಕಿ ನನ್ನ ಮಾತು ನಂಬಿ, ಸಮಾಧಾನವಾಗಿ ಎದ್ದು ಹೋದರು.

ನವೆಂಬರ್ 12, ಬುಧವಾರ

ಇವತ್ತು ಏನೂ ಹೊಲಿಯಲಿಲ್ಲ. ಬಾಬಿನ್‌ಗೆ ದಾರ ಸುತ್ತುತ್ತಾ ಕೂತಿದ್ದೆ. ಗೊತ್ತಿಲ್ಲದ ನಂಬರಿನಿಂದ ಎರಡು ಫೋನ್ ಬಂದವು, ಜಗಳೂರಿನವರೇ ಏನೋ ಎಂದು ಹೆದರಿದೆ. ಎತ್ತಲಿಲ್ಲ.

ನವೆಂಬರ್ 14, ಶುಕ್ರವಾರ

ಒಂದು ದಾರಿ ಹೊಳೆದಿದೆ. ಯಾರ ಮುಂದೆಯೂ ತಪ್ಪೊಪ್ಪಿಕೊಳ್ಳದೆ ಆ ಸೆಟ್ಟನ್ನು ವಾಪಸ್ ತರುವ ದಾರಿ.

ಹೊಸ ಸೆಟ್ಟು ಹೊಲಿಯುತ್ತೇನೆ. ಜಗಳೂರಿಗೆ ಹೋಗಿ, ಹಳೆಯ ಲೇಸು ಒಗೆದರೆ ಹಳದಿಯಾಗುತ್ತದಂತೆ, ಮಾಲಿನಲ್ಲೇ ದೋಷವಂತೆ, ಬದಲಾಯಿಸಿ ಕೊಡುತ್ತೇನೆ ಎಂದು ಹೇಳುತ್ತೇನೆ. ನಂಬದೆ ಏನು ಮಾಡುತ್ತಾರೆ? ಬಿಟ್ಟಿ ಬಂದರೆ ಯಾರು ಬೇಡ ಎನ್ನುತ್ತಾರೆ?

ಬೆಳಿಗ್ಗೆ ಏಳಕ್ಕೆ ಕೂತವಳು ಸಂಜೆಗೆ ಮುಗಿಸಿದೆ. ಲೇಸನ್ನು ಡಬ್ಬಿಯಿಂದಲೇ ಎಳೆದುಕೊಂಡೆ. ಎಡಗೈ ನಿರಿಗೆ ಹಿಡಿಯುತ್ತದೆ, ಬಲಗೈ ಬಟ್ಟೆ ನಡೆಸುತ್ತದೆ, ಲೇಸು ತಾನಾಗಿ ಬರುತ್ತದೆ, ಚುಚ್ಚುವಂಥದ್ದೇನೂ ಇಲ್ಲ. ಎಷ್ಟು ಸಲೀಸಾದ ಕೆಲಸ ಎಂದು ಅಳು ಬಂತು. ಇವರು ಇದನ್ನು ಮೂರು ದಿನ ಮೊದಲು ಮಾಡಿದ್ದಿದ್ದರೆ!

ಸೂಜಿದಿಂಬನ್ನು ಕಪಾಟಿನೊಳಗೆ ಇಟ್ಟು ಬೀಗ ಹಾಕಿದ್ದೇನೆ. ಹನ್ನೊಂದು ಕೆಂಪು ತಲೆಗಳನ್ನು ನೋಡಲು ಆಗುತ್ತಿಲ್ಲ.

ನವೆಂಬರ್ 16, ಭಾನುವಾರ

ಜಗಳೂರಿನಿಂದ ಬರುವಾಗ ಬಸ್ಸಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರಗಳು ಕುಣಿಯುತ್ತಿವೆ, ಕುಣಿಯಲಿ.

ಹೊನ್ನಾಳಿಯಲ್ಲಿ ಒಂದು ಬಸ್ಸು, ದಾವಣಗೆರೆಯಲ್ಲಿ ಇನ್ನೊಂದು. ಮನೆ ಸಿಗಲು ಕಷ್ಟವಾಗಲಿಲ್ಲ. ಚೈತ್ರಶ್ರೀಯ ಗಂಡ ಮಾರುತೇಶ್ ಗೂಡ್ಸ್ ಆಟೋ ಓಡಿಸುತ್ತಾನೆ, ಎಲ್ಲರಿಗೂ ಗೊತ್ತು. ಅವನು ಬಾಡಿಗೆಗೆ ಹೋಗಿದ್ದ. ತಿಪ್ಪಮ್ಮ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನನ್ನ ಸುಳ್ಳನ್ನು ಅಕ್ಕರೆಯಿಂದ ಕೇಳಿದರು.

"ಅಯ್ಯೋ, ಇದಕ್ಕೋಸ್ಕರ ಅಷ್ಟು ದೂರದಿಂದ ಬಂದ್ರಾ? ಇಂಥಾ ಕಾಲದಾಗೂ ಇಂಥೋರು ಇದಾರಲ್ಲ! ಒಳಗ್ ಬರ್ರಿ."

ಒಳಗೆ ಚೈತ್ರಶ್ರೀ ಗೋಡೆಗೆ ಒರಗಿ, ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಕೂತಿದ್ದಳು. ಹತ್ತು ದಿನದಲ್ಲಿ ಹತ್ತು ವರ್ಷ ದೊಡ್ಡವಳಾಗಿದ್ದಾಳೆ. "ಮಲಗಿಸಿದ್ರೆ ಅಳ್ತಾನಕ್ಕ, ಹಿಂಗೆ ಎತ್ಕಂಡಿದ್ರೆ ಸುಮ್ಕಿರ್ತಾನೆ" ಎಂದಳು. ಅತ್ತೆ ಬಾಗಿಲಲ್ಲಿ ನಿಂತು, "ಎತ್ಕಳಾಕೆ ಬರಲ್ಲ, ಕುಡಿಸಾಕೆ ಬರಲ್ಲ, ಅಮ್ಮನ ಮನೇಲಿ ಏನ್ ಕಲ್ತು ಬಂದಳೋ" ಎಂದರು. ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು.

ಬೋರೇಶ ನನ್ನ ಕಡೆ ನೋಡಿದ. ಸವಳಂಗದಲ್ಲಿ ನೋಡಿದಾಗ ಗುಂಡಗೆ ಉಬ್ಬಿದ್ದ ಕೆನ್ನೆ ಒಳಗೆ ಹೋಗಿದೆ. ನುಂಗಲು ಹೋಗಿ ಮುಖ ಕಿವುಚಿದ. ಜೊಲ್ಲು ತಾಯಿಯ ಹೆಗಲ ಮೇಲೆ ಇಳಿಯುತ್ತಿತ್ತು.

ಹಳೇ ಸೆಟ್ಟನ್ನು ಚೀಲಕ್ಕೆ ತುಂಬಿಕೊಂಡೆ. ಹೊದಿಕೆಯ ಒಂದು ಮೂಲೆಯಲ್ಲಿ ಲೇಸು ಒದ್ದೆಯಾಗಿ ಮುದುಡಿತ್ತು. "ಅದನ್ನೇ ಯಾವಾಗ್ಲೂ ಬಾಯಿಗಿಟ್ಕಂತಾನೆ" ಎಂದಳು ಚೈತ್ರಶ್ರೀ, ನಾನು ಹೋದಾಗಿನಿಂದ ಮೊದಲ ಸಲ ಒಂಚೂರು ನಕ್ಕು.

ಚೀಲ ತೊಡೆಯ ಮೇಲಿದೆ. ಪಕ್ಕದಲ್ಲಿ ಜನ ಇದ್ದಾರೆ, ಬಿಚ್ಚಲಾರೆ. ಪಿನ್ನು ಇದರಲ್ಲೇ ಇರಲಿ. ಇದರಲ್ಲೇ ಸಿಗಲಿ. ಸಿಕ್ಕರೆ ಮಗುವಿಗೆ ಬರೀ ಗ್ಯಾಸು ಎಂದಾಯಿತು.

ನವೆಂಬರ್ 17, ಸೋಮವಾರ, ಬೆಳಿಗ್ಗೆ

ಎಲ್ಲ ಬಿಚ್ಚಿದೆ. ಹಾಸಿಗೆಯ ಹತ್ತಿಯನ್ನು ಹಿಂಜಿ ಹಿಂಜಿ ಹಾಕಿದೆ, ಅಯಸ್ಕಾಂತ ಓಡಿಸಿದೆ. ದಿಂಬಿನಲ್ಲಿ ಇಲ್ಲ. ಕುಲಾವಿಯಲ್ಲಿ ಇಲ್ಲ. ಹೊದಿಕೆಯ ಲೇಸಿನ ಎಂಟು ಮೀಟರ್ ಹೊಲಿಗೆಯನ್ನೂ ಒಂದೊಂದೇ ಬಿಚ್ಚಿದೆ.

ಅವನು ಚೀಪುತ್ತಿದ್ದ ಮೂಲೆಯಲ್ಲಿ, ಎರಡು ನಿರಿಗೆಗಳ ನಡುವೆ, ಬಟ್ಟೆಯ ಮೇಲೆ ತುಕ್ಕಿನ ಒಂದು ಗೆರೆ ಇದೆ. ಒಂದು ಇಂಚು ಉದ್ದ. ಗೆರೆಯ ತುದಿಯಲ್ಲಿ ಸಣ್ಣ ತೂತು.

ಪಿನ್ನು ಅಲ್ಲಿತ್ತು. ಈಗ ಇಲ್ಲ.

ಅದೇ ದಿನ, ಮಧ್ಯಾಹ್ನ

ಇವರು ಎಲ್ಲೋ ಬೋರ್‌ವೆಲ್ ಕೆಲಸದಲ್ಲಿದ್ದರು. ಫೋನ್ ಮಾಡಿ "ಬರ್ರಿ" ಎಂದೆ, ಅಷ್ಟೇ. ಏನು, ಯಾಕೆ ಎಂದು ಕೇಳದೆ ಮಣ್ಣು ಕಾಲಲ್ಲೇ ಬಂದರು. ನೆಲದ ತುಂಬ ಹತ್ತಿ, ಚಿಂದಿ. ನಡುವೆ ಕೂತು ಎಲ್ಲ ಹೇಳಿದೆ. ಡಬ್ಬಿ ತಂದ ದಿನದಿಂದ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ತುಕ್ಕಿನ ಗೆರೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, "ಫೋನ್ ಹಚ್ಚು" ಎಂದರು.

"ನೀವೇ ಹೇಳ್ರಿ. ನನ್ ಕೈಲಿ ಆಗಲ್ಲ."

"ಹೊಲಿದಿದ್ದು ನೀನು ರೂಪಾ. ನೀನೇ ಹೇಳ್ಬೇಕು. ಹಚ್ಚು, ಹೊತ್ತಾಗ್ತೈತೆ."

ಬೊಮ್ಮಕ್ಕನಿಂದ ನಂಬರ್ ಇಸಿದುಕೊಂಡು ಚೈತ್ರಶ್ರೀಗೆ ಮಾಡಿದೆ. ಏನೇನು ಹೇಳಿದೆನೋ ಪೂರ್ತಿ ನೆನಪಿಲ್ಲ. ಹೊದಿಕೆಯಲ್ಲಿ ಪಿನ್ನು ಇತ್ತು, ಮಗು ನುಂಗಿರಬಹುದು, ಡ್ರಾಪ್ಸ್ ಹಾಕಬೇಡ, ತಿನ್ನಿಸಬೇಡ, ಕುಡಿಸಬೇಡ, ಈಗಲೇ ದಾವಣಗೆರೆಗೆ ಹೋಗಿ ಎಕ್ಸ್‌ರೇ ತೆಗೆಸು ಎಂದೆ. ಆ ಕಡೆಯಿಂದ ಒಂದು ಕೂಗು ಕೇಳಿತು, "ರೀ, ಆಟೋ ತೆಗೀರಿ!" ಫೋನ್ ಕಟ್ಟಾಯಿತು.

ನಾವೂ ಬೈಕಿನಲ್ಲಿ ಹೊರಡುತ್ತಿದ್ದೇವೆ. ಹೆಲ್ಮೆಟ್ ಹುಡುಕುತ್ತಿದ್ದಾರೆ.

ನವೆಂಬರ್ 18, ಮಂಗಳವಾರ

ದಾವಣಗೆರೆ. ಆಸ್ಪತ್ರೆಯ ಕಾರಿಡಾರು.

ನಿನ್ನೆ ಐದು ಗಂಟೆಗೆ ಎಕ್ಸ್‌ರೇ ಆಯಿತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದಾಗ ಯಾರೂ ತೋರಿಸಬೇಕಾಗಿರಲಿಲ್ಲ. ಅಷ್ಟು ಸಣ್ಣ ಎದೆಗೂಡಿನ ನಡುವೆ ನನ್ನ ಪಿನ್ನು ಅಡ್ಡಕ್ಕೆ ಕೂತಿತ್ತು. ಗುಂಡು ತಲೆಯೂ ಕಾಣುತ್ತಿತ್ತು. ತಿಪ್ಪಮ್ಮ ಅಲ್ಲೇ ಕುಸಿದು ಕೂತರು. ಚೈತ್ರಶ್ರೀ ಮಾತ್ರ ನೆಟ್ಟಗೆ ನಿಂತಿದ್ದಳು.

ಅನ್ನನಾಳದಲ್ಲಿ ಸಿಕ್ಕಿಕೊಂಡಿದೆ, ತುದಿ ಗೋಡೆಗೆ ಚುಚ್ಚಿದೆ, ತೂತಾಗಿದೆಯೋ ಇಲ್ಲವೋ ಒಳಗೆ ಹೋಗಿ ನೋಡಿದರಷ್ಟೇ ಗೊತ್ತಾಗುತ್ತದೆ ಎಂದರು. ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಬಾಯಿಂದ ನಳಿಗೆ ಹಾಕಿ ತೆಗೆಯುತ್ತಾರಂತೆ. ಆಗದಿದ್ದರೆ ಎದೆ ಕೊಯ್ಯಬೇಕಂತೆ.

ಈಗ ಎಂಟೂ ಮುಕ್ಕಾಲು. ಆ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತೇನೆ. ಅಂಗಡಿ ಹೋಗಲಿ, ಊರು ಬಿಡಬೇಕಾಗಿ ಬಂದರೆ ಬಿಡುತ್ತೇನೆ, ಬೋರೇಶ ಹೊರಗೆ ಬರಲಿ. ಅವನು ಅಳುತ್ತಾ ಬರಲಿ.

ಒಂಬತ್ತು ಇಪ್ಪತ್ತು. ಬಂದ. ಅಳಲಿಲ್ಲ, ಮಂಪರಿನಲ್ಲಿದ್ದ. ತೂತಾಗಿಲ್ಲ. ನರ್ಸ್ ಒಂದು ಸಣ್ಣ ಡಬ್ಬಿಯಲ್ಲಿ ಪಿನ್ನು ಹಾಕಿ ಮಾರುತೇಶ್ ಕೈಗೆ ಕೊಟ್ಟರು. ಇನ್ನೆರಡು ದಿನ ಹೋಗಿದ್ದರೆ ಹೇಳಲು ಬರುತ್ತಿರಲಿಲ್ಲ ಎಂದರಂತೆ ಡಾಕ್ಟರು. ಇವರು ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರು.

ನವೆಂಬರ್ 21, ಶುಕ್ರವಾರ

ಇವತ್ತು ಮಗುವನ್ನು ಮನೆಗೆ ಕಳಿಸಿದರು. ವಾರ್ಡಿನಲ್ಲಿ ಹೊರಡುವ ಗಡಿಬಿಡಿ. ಬೊಮ್ಮಕ್ಕ, ತಿಪ್ಪಮ್ಮ, ಮಾರುತೇಶ್ ಎಲ್ಲರೂ ಇದ್ದರು. ನಾವೂ ಹೋಗಿದ್ದೆವು.

ತಿಪ್ಪಮ್ಮ ಮೂರು ದಿನದಿಂದ ನನ್ನನ್ನು ಹೊಗಳುವುದೇ ಹೊಗಳುವುದು. ಪಕ್ಕದ ಮಂಚದವರಿಗೂ, ನರ್ಸುಗಳಿಗೂ ಅದೇ ಕಥೆ. ಇವತ್ತು ಎಲ್ಲರೆದುರು ನನ್ನ ಹಣೆಗೆ ಕುಂಕುಮ ಇಟ್ಟು, ಒಂದು ರವಿಕೆ ಕಣವನ್ನು ಮಡಿಲಿಗೆ ಹಾಕಿದರು.

"ಬ್ಯಾರೆ ಟೈಲರ್ ಆಗಿದ್ರೆ ಹೇಳ್ತಿದ್ರಾ? ಗೊತ್ತಾದ್ರೂ ಬಾಯಿ ಮುಚ್ಕಂಡು ಇರ್ತಿದ್ರು. ಇವ್ರು ಸೆಟ್ಟು ವಾಪಸ್ ತಗಂಡೋಗಿ, ಬಿಚ್ಚಿ ನೋಡಿ, ಗೊತ್ತಾದ ತಕ್ಷಣ ಫೋನ್ ಮಾಡಿದ್ರು. ನಮ್ ಕೂಸಿನ ಜೀವ ಉಳಿಸಿದ್ರು."

ಯಾರೂ ಕೇಳಿರಲಿಲ್ಲ. ಅವರೇ ಕಥೆ ಕಟ್ಟಿಕೊಂಡಿದ್ದರು, ನಾನು ಸುಮ್ಮನೆ ಇದ್ದರೆ ಸಾಕಿತ್ತು. ಮೂರು ದಿನ ಸುಮ್ಮನಿದ್ದೆ ಕೂಡ. ಇವರು ನನ್ನ ಮುಖ ನೋಡಲಿಲ್ಲ, ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಚೈತ್ರಶ್ರೀ ಮಂಚದ ಮೇಲೆ ಮಗುವಿನ ಬಟ್ಟೆ ಬದಲಾಯಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಡಾಕ್ಟ್ರು ನುಂಗಿ ಒಂದು ವಾರದ ಮೇಲಾಗೈತೆ ಅಂದ್ರು. ನಿಮಗೆ ಯಾವತ್ತು ಗೊತ್ತಾತಕ್ಕ?"

"ಹೇಳಿದ್ನಲ್ಲೇ, ಸೋಮವಾರ ಬಿಚ್ಚಿದಾಗ" ಎಂದರು ತಿಪ್ಪಮ್ಮ. "ಅಲ್ವೇನ್ರೀ?"

ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಸವಳಂಗದ ಊಟದ ಸಾಲಿನಲ್ಲಿ ಆದ ಹೆದರಿಕೆಯೆಲ್ಲ ಸೇರಿ ಇಷ್ಟಾಗಿರಲಿಲ್ಲ.

"ನಾಲ್ಕನೇ ತಾರೀಖು" ಎಂದೆ. "ಬೊಮ್ಮಕ್ಕ ಸೆಟ್ಟು ತಗಂಡೋದ ದಿನಾನೇ. ಒಂದು ಪಿನ್ನು ಕಮ್ಮಿ ಇತ್ತು. ಅನುಮಾನ ಬಂತು. ಹೇಳ್ಲಿಲ್ಲ."

ತಿಪ್ಪಮ್ಮನ ಕೈ ನನ್ನ ಹೆಗಲ ಮೇಲಿತ್ತು. ಅದನ್ನು ತೆಗೆದುಕೊಂಡರು. ಬೊಮ್ಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾರುತೇಶ್ ಏನೋ ಅನ್ನಲು ಮುಂದೆ ಬಂದ, ಚೈತ್ರಶ್ರೀ ಕೈ ಅಡ್ಡ ಹಿಡಿದಳು.

"ಅವನು ಅಳ್ತಿದ್ದಿದ್ದೂ ಗೊತ್ತಿತ್ತಾ?"

"ಗೊತ್ತಿತ್ತು. ಬೊಮ್ಮಕ್ಕ ಹೇಳಿದ್ರು."

"ನನ್ನನ್ನ ಅಂತಿದ್ದಿದ್ದು? ಹಾಲು ಸರಿಯಿಲ್ಲ, ಮಗೂನ ಕೆಡವಿದೀಯ ಅಂತಿದ್ದಿದ್ದು?"

"ಅದೂ ಗೊತ್ತಿತ್ತು."

ಬೈದರೆ ಒಳ್ಳೆಯದಿತ್ತು. ಹೊಡೆದರೂ ಕೂತಿರುತ್ತಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. ಬೊಮ್ಮಕ್ಕ ಮೊಮ್ಮಗನಿಗೆಂದು ಪೇಟೆಯಲ್ಲಿ ಕೊಂಡು ತಂದಿದ್ದ ಹೊಸ ಅಂಗಿ ನನ್ನ ಪಕ್ಕದಲ್ಲಿತ್ತು. "ಅದನ್ ಕೊಡ್ರಿ" ಎಂದು ಕೈ ಚಾಚಿದಳು. ಕೊಟ್ಟೆ.

ಅವಳು ಅಂಗಿಯನ್ನು ಒಳಗು ಹೊರಗು ಮಾಡಿ, ತೊಡೆಯ ಮೇಲೆ ಹರಡಿಕೊಂಡಳು. ಕುತ್ತಿಗೆಯಿಂದ ಶುರುಮಾಡಿ ಹೆಬ್ಬೆರಳು, ತೋರುಬೆರಳ ನಡುವೆ ಹೊಲಿಗೆಯನ್ನು ಹಿಡಿದು ಸವರತೊಡಗಿದಳು. ಹೆಗಲು, ತೋಳು, ಕಂಕುಳ, ಬದಿ. ಒಂದು ಇಂಚೂ ಬಿಡಲಿಲ್ಲ. ಗುಂಡಿಯ ಹತ್ತಿರ ಏನೋ ಗಟ್ಟಿ ಸಿಕ್ಕಿ ಕೈ ನಿಂತಿತು, ದಾರದ ಗಂಟು ಎಂದು ತಿಳಿದು ಮುಂದೆ ಹೋಯಿತು. ಮಗು ಬರಿಮೈಯಲ್ಲಿ ಕೈಕಾಲು ಆಡಿಸುತ್ತಾ ಕಾಯುತ್ತಿತ್ತು. ಅವಳು ಇನ್ನು ಅವನಿಗೆ ತೊಡಿಸುವ ಪ್ರತಿಯೊಂದು ಬಟ್ಟೆಯನ್ನೂ ಹೀಗೇ ನೋಡುತ್ತಾಳೆ.

ಇವರು "ಹೋಗೋಣ" ಎಂದು ಮೆಲ್ಲಗೆ ಕರೆದರು. ಅವಳು ಕೊನೆಯ ಅಂಚನ್ನು ಸವರಿ ಮುಗಿಸಿ, ಅಂಗಿಯನ್ನು ಮಗುವಿಗೆ ಹಾಕುವವರೆಗೂ ನಾನು ಎದ್ದು ಬರಲಿಲ್ಲ.